ಕಂಪ್ಯೂಟರಿನ ಜಾಗ ತಿಂದವರು ಯಾರು?

ಹೋದ ಶನಿವಾರ ಮುಂಜಾನೆ ಸಾಲಿ ಮುಗಿಸಿ ಬಂದ ಮೊಮ್ಮಗ ಪಾಟೀಚೀಲ ಇಳಿಸುವ ಮೊದಲೇ ಕಂಪ್ಯೂಟರಿನ ಮುಂದೆ ಕುಳಿತ. ಕಿಸೆಯಲ್ಲಿ ಗುರುಗಳು ಕೊಟ್ಟ ಪೆನ್ ಡ್ರೈವ್ ಇತ್ತು, ಅದರಲ್ಲಿ ಸಾಲಿಯ ಗ್ಯಾದರಿಂಗಿನ ವಿಡಿಯೊ. ಇವನು ನಾಟಕದಲ್ಲಿ ಸಿಪಾಯಿ, ಇವನ ತಂಗಿ ಕೋಲಾಟದ ಗುಂಪಿನಲ್ಲಿ ಎಡಗಡೆಯಿಂದ ಮೂರನೆಯವಳು. ಸೋಮವಾರ ಮುಂಜಾನೆ ಪೆನ್ ಡ್ರೈವ್ ವಾಪಸ್ ಕೊಡಬೇಕು, ಮುಂದೆ ಅದು ಮತ್ತೊಂದು ಮನೆಗೆ ಹೋಗಬೇಕು.

ಐದು ನಿಮಿಷಕ್ಕೆ ಕೂಗು ಬಂತು. "ಅಜ್ಜಾ, ಕಂಪ್ಯೂಟರಿನ್ಯಾಗ ಜಾಗಾನ ಇಲ್ಲಂತ!"

ಹೋಗಿ ನೋಡಿದೆ. ಸಿ ಡ್ರೈವ್ ಎಂಬ ಹೆಸರಿನ ಕೆಳಗಿನ ಪಟ್ಟಿ ಪೂರ್ತಿ ಕೆಂಪಾಗಿತ್ತು. ವಿಡಿಯೊ 5 ಜಿಬಿ, ಖಾಲಿ ಇದ್ದದ್ದು 2 ಜಿಬಿ. ಹುಡುಗ ಆಗಲೇ ತೀರ್ಪು ಕೊಟ್ಟಾಗಿತ್ತು. "ನಿನ್ನ ಫೋಟೊ ಭಾಳ ಅದಾವ. ಅವನ್ನ ತಗದ್ಹಾಕೂಣು." ನನ್ನ ಅನುಮಾನ ಅವನ ಗೇಮಿನ ಮೇಲೆ. ಬ್ಯಾಂಕಿನಲ್ಲಿ ಸಂಜೆ ನಗದು ತಾಳೆಯಾಗದಿದ್ದಾಗಲೂ ಹೀಗೆಯೇ ಆಗುತ್ತಿತ್ತು. ಲೆಕ್ಕ ತೆರೆಯುವ ಮೊದಲೇ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿದ್ದರು.

"ತಡಿ ತಮ್ಮಾ, ಮೊದಲ ಲೆಕ್ಕ ತಗಿಯೋಣ. ಅಳಸೂದು ಆಮ್ಯಾಲ," ಎಂದೆ.

ಲೆಕ್ಕ ಶುರುವಾಗುತ್ತಲೇ ಅವನದೊಂದು ತಕರಾರು. ಅಂಗಡಿಯವರು 256 ಜಿಬಿ ಎಂದು ಹೇಳಿ ಕೊಟ್ಟ ಡಿಸ್ಕ್ ಇದು, ಇಲ್ಲಿ ಒಟ್ಟು 237 ಎಂದೇ ತೋರಿಸುತ್ತದೆ. ಉಳಿದ 19 ಎಲ್ಲಿ ಹೋದವು? ಮೋಸ ಏನೂ ಇಲ್ಲ, ಅಳೆಯುವ ಸೇರು ಎರಡು. ಡಿಸ್ಕ್ ತಯಾರಿಸುವವರು ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಹಿಡಿಯುತ್ತಾರೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ 107 ಕೋಟಿ 37 ಲಕ್ಷ 41 ಸಾವಿರದ 824 ಬೈಟ್ ಎಂದು ಹಿಡಿಯುತ್ತದೆ. 25,600 ಕೋಟಿಯನ್ನು 107.37 ಕೋಟಿಯಿಂದ ಭಾಗಿಸಿದರೆ 238.4 ಬರುತ್ತದೆ. ಉಳಿದ ಒಂದು ಜಿಬಿಯಷ್ಟನ್ನು ಕಂಪ್ಯೂಟರು ತನ್ನ ದುರಸ್ತಿಯ ಸಾಮಾನು ಇಟ್ಟುಕೊಳ್ಳಲು ಬೇರೆ ತೆಗೆದಿಟ್ಟಿರುತ್ತದೆ. ಮೊಮ್ಮಗ ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಮಾಡಿ ನೋಡಿ ಸುಮ್ಮನಾದ.

ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿನಲ್ಲಿ ಲೆಕ್ಕ ನೋಡಲು ಹೊರಗಿನದೇನೂ ಬೇಕಿಲ್ಲ. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್. ಅಲ್ಲಿ ತಂತ್ರಾಂಶಗಳಿಗೆ ಇಷ್ಟು, ಚಿತ್ರಗಳಿಗೆ ಇಷ್ಟು, ತಾತ್ಕಾಲಿಕ ಫೈಲುಗಳಿಗೆ ಇಷ್ಟು ಎಂದು ಬಾಬುವಾರು ಪಟ್ಟಿ ಬರುತ್ತದೆ. ನಮ್ಮದರಲ್ಲಿ ಟೆಂಪರರಿ ಫೈಲ್ಸ್ ಎಂಬ ಸಾಲು 30 ಜಿಬಿಗಿಂತ ಹೆಚ್ಚು ತೋರಿಸಿತು. ಹುಡುಗನಿಗೆ ಹಬ್ಬವಾಯಿತು. "ತಾತ್ಕಾಲಿಕ ಅಂದಮ್ಯಾಗ ಕಸಾನ ಅಲ್ಲೇನಜ್ಜಾ?" ಎನ್ನುತ್ತ ಒಳಗೆ ಹೋಗಿ, ಕಂಡ ಚೌಕಕ್ಕೆಲ್ಲ ರೈಟ್ ಗುರುತು ಹಾಕುತ್ತ ಬಂದ. ತೆಗೆದುಹಾಕುವ ಗುಂಡಿಯ ಮೇಲೆ ಬಾಣದ ಗುರುತು ಬಂದು ನಿಂತಿತು.

ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಂದು ಸಲ ಓದದೆ ಸಹಿ ಹಾಕದಿರುವುದು ನನ್ನ ಹಳೆಯ ಚಟ. ಓದಿದೆ. ಅದರಲ್ಲಿ ಒಂದು ಸಾಲು: ಡೌನ್‌ಲೋಡ್ಸ್, 14 ಜಿಬಿ.

ಓದುಗರು ಇದನ್ನು ಗಮನಿಸಬೇಕು. ಡೌನ್‌ಲೋಡ್ಸ್ ಎಂಬುದು ತಾತ್ಕಾಲಿಕ ಕಸ ಅಲ್ಲ, ನಾವು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದೆಲ್ಲ ಬಂದು ಕೂಡುವ ಫೋಲ್ಡರು. ಆದರೂ ವಿಂಡೋಸ್ ಅದನ್ನು ಈ ಪಟ್ಟಿಯಲ್ಲಿ ಸೇರಿಸಿ ತೋರಿಸುತ್ತದೆ. ತಾನಾಗಿ ಗುರುತು ಹಾಕುವುದಿಲ್ಲ, ನಾವು ಹಾಕಿದರೆ ಮಾತ್ರ ತೆಗೆಯುತ್ತದೆ. ಇಲ್ಲಿಂದ ತೆಗೆದದ್ದು ರಿಸೈಕಲ್ ಬಿನ್ ಎಂಬ ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರ ಅಳಿದೇ ಹೋಗುತ್ತದೆ. ಈ ಸಾಲನ್ನು ಅಲ್ಲಿ ಯಾಕಾದರೂ ಇಟ್ಟರೋ ನನಗೆ ಅರ್ಥವಾಗಿಲ್ಲ. ನಮ್ಮ ಕಾಲದಲ್ಲಿ ಹಳೇ ವೋಚರುಗಳ ಗಂಟಿನ ಪಕ್ಕ ಚಾಲ್ತಿ ಲೆಡ್ಜರ್ ಇಟ್ಟವನನ್ನು ಮ್ಯಾನೇಜರು ಸುಮ್ಮನೆ ಬಿಡುತ್ತಿರಲಿಲ್ಲ.

"ಆ ಗುರುತು ತಗಿ," ಎಂದೆ. ತೆಗೆಸಿ, ಡೌನ್‌ಲೋಡ್ಸ್ ಫೋಲ್ಡರನ್ನೇ ತೆರೆದು ಇಬ್ಬರೂ ನೋಡಿದೆವು. ಪಹಣಿಯ ಪ್ರತಿಗಳು, ವಿದ್ಯುತ್ ಬಿಲ್ಲುಗಳು, ಒಂದೇ ಅರ್ಜಿ ನಮೂನೆಯ ಆರು ಪ್ರತಿ, ಎರಡು ದೊಡ್ಡ ಸಿನಿಮಾ. ಇವುಗಳ ನಡುವೆ ಬರೀ ಅಂಕಿಗಳ ಹೆಸರಿನ ಒಂದು ಧ್ವನಿ ಫೈಲು ಇತ್ತು, 3.8 ಎಂಬಿ. ಒತ್ತಿದರೆ ಬೀಸುಕಲ್ಲಿನ ಸಪ್ಪಳ, ಅದರ ಮೇಲೆ ನಮ್ಮ ಅಕ್ಕನ ದನಿ.

ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಬೀಸುವ ಪದಗಳನ್ನು ಅವಳು ನಮ್ಮವ್ವನಿಂದ ಕಲಿತಿದ್ದಳು. ಅವಳ ಮಗಳು ನರಗುಂದದ ಮನೆಯಲ್ಲಿ ಒಮ್ಮೆ ಕಲ್ಲಿನ ಮುಂದೆ ಕೂರಿಸಿ, ಫೋನಿನಲ್ಲಿ ಹಿಡಿದು ನನಗೆ ಕಳಿಸಿದ್ದಳು. ನಾನು ಇಳಿಸಿಕೊಂಡೆ, ಕೇಳಿದೆ, ಬೇರೆ ಕಡೆ ಎತ್ತಿಡಬೇಕು ಅಂದುಕೊಂಡೆ, ಇಡಲಿಲ್ಲ. ನಾಲ್ಕು ನಿಮಿಷದ ಹಾಡು. ಮೊಮ್ಮಗ ಮೌಸಿನಿಂದ ಕೈ ತೆಗೆದು ಪೂರ್ತಿ ಕೇಳಿದ. ಆಮೇಲೆ ತಾನೇ ಒಂದು ಹೊಸ ಫೋಲ್ಡರ್ ಮಾಡಿ, ಅದಕ್ಕೆ 'ದೊಡ್ಡಜ್ಜಿ' ಎಂದು ಹೆಸರು ಕೊಟ್ಟು ಅದರೊಳಗೆ ಇಟ್ಟ. ಒಂದು ಪ್ರತಿಯನ್ನು ನನ್ನ ಸ್ವಂತ ಪೆನ್ ಡ್ರೈವಿಗೂ ಹಾಕಿಸಿದೆ.

ಇನ್ನು ಮುಂದೆ ಅವಸರ ಬೇಡ ಎಂದು ಅವನಿಗೂ ಅನ್ನಿಸಿತು. ಒಂದು ಉಪಕರಣ ತರೋಣ ಎಂದೆ. ವಿನ್‌ಡಿರ್‌ಸ್ಟ್ಯಾಟ್ ಎಂಬ ತಂತ್ರಾಂಶ ಇದೆ, ಪುಕ್ಕಟೆ. ಅದನ್ನು ತಂತ್ರಾಂಶದವರದೇ ತಾಣದಿಂದ ಇಳಿಸಿಕೊಳ್ಳಬೇಕು, ಅದೇ ಹೆಸರು ಹೇಳಿ ಕಸ ತುಂಬಿಸುವ ತಾಣಗಳೂ ಇವೆ. ಅದು ಡಿಸ್ಕಿನ ಪ್ರತಿಯೊಂದು ಫೋಲ್ಡರಿನೊಳಗೂ ಹೊಕ್ಕು ಎಣಿಸುತ್ತದೆ. ಎಣಿಸುವಷ್ಟು ಹೊತ್ತು ತೆರೆಯ ಮೇಲೆ ಹಳದಿ ಪ್ಯಾಕ್‌ಮನ್‌ಗಳು ಬಾಯಿ ತೆರೆದು ಮುಚ್ಚುತ್ತ ಆಚೀಚೆ ಓಡಾಡುತ್ತವೆ. ಮೊಮ್ಮಗಳು ಅವನ್ನು ನೋಡಲೆಂದೇ ಬಂದು ಪಕ್ಕಕ್ಕೆ ಕುಳಿತಳು.

ಎಣಿಕೆ ಮುಗಿದ ಮೇಲೆ ಮೇಲ್ಗಡೆ ಪಟ್ಟಿ, ಕೆಳಗಡೆ ಬಣ್ಣಬಣ್ಣದ ಚೌಕಗಳು. "ಇದೇನಜ್ಜಾ, ಕೌದಿ ಇದ್ಧಂಗ ಐತಿ," ಎಂದಳು ಅವಳು. ಕೌದಿಯೂ ಹೌದು, ನನಗೆ ತಲಾಟಿಯ ಹತ್ತಿರ ಇರುವ ಊರ ನಕಾಶೆಯೂ ನೆನಪಾಯಿತು. ನಕಾಶೆಯಲ್ಲಿ ದೊಡ್ಡ ಹೊಲಕ್ಕೆ ದೊಡ್ಡ ಆಕಾರ, ಸಣ್ಣ ಹೊಲಕ್ಕೆ ಸಣ್ಣದು. ಒಂದು ಸರ್ವೆ ನಂಬರಿನೊಳಗೆ ಹಿಸ್ಸೆಗಳು. ಇಲ್ಲಿ ಫೋಲ್ಡರೇ ಸರ್ವೆ ನಂಬರು, ಅದರೊಳಗಿನ ಫೋಲ್ಡರು ಹಿಸ್ಸೆ, ಒಂದೊಂದು ಫೈಲಿಗೆ ಒಂದೊಂದು ಚೌಕ. ಫೈಲು ಎಷ್ಟು ದೊಡ್ಡದೋ ಚೌಕವೂ ಅಷ್ಟು ದೊಡ್ಡದು. ಬಣ್ಣ ಫೈಲಿನ ಜಾತಿ ಹೇಳುತ್ತದೆ: ವಿಡಿಯೊಗಳಿಗೆ ಒಂದು, ಫೋಟೊಗಳಿಗೆ ಇನ್ನೊಂದು.

ಈ ನಕಾಶೆ ಹುಟ್ಟಿದ್ದೂ ಡಿಸ್ಕ್ ತುಂಬಿದ ತಾಪತ್ರಯದಿಂದಲೇ. 1990ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬೆನ್ ಶ್ನೈಡರ್‌ಮನ್ ಎಂಬ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ 80 ಎಂಬಿಯ ಒಂದು ಡಿಸ್ಕ್ ಇತ್ತು, ಅದನ್ನು ಬಳಸುವವರು 14 ಮಂದಿ. ತಲೆಗೆ ಆರು ಎಂಬಿಯೂ ಬರುವುದಿಲ್ಲ. ಪದೇ ಪದೇ ತುಂಬುತ್ತಿತ್ತು; ಯಾರದು ಎಷ್ಟು, ಎಲ್ಲಿ ಕೂತಿದೆ ಎಂದು ಪಟ್ಟಿ ಓದಿ ತಿಳಿಯುವುದು ಕಷ್ಟವಾಗುತ್ತಿತ್ತು. ಇಡೀ ಡಿಸ್ಕನ್ನು ಒಂದೇ ಚೌಕದಲ್ಲಿ ಭಾಗ ಮಾಡಿ ತೋರಿಸಿದರೆ ಹೇಗೆ ಎಂದು ಅವರು ಯೋಚಿಸಿದರು. ಅದಕ್ಕೆ ಟ್ರೀಮ್ಯಾಪ್ ಎಂದು ಹೆಸರಾಯಿತು. ಈಗ ಷೇರುಪೇಟೆಯ ಏರಿಳಿತ ತೋರಿಸಲೂ ಅದನ್ನು ಬಳಸುತ್ತಾರೆ. 80 ಎಂಬಿ ಎಂದಾಗ ಮಕ್ಕಳಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. 1984ರಲ್ಲಿ ರಂಗರಾಜನ್ ಸಮಿತಿ ವರದಿ ಕೊಟ್ಟ ಮೇಲೆ ಬ್ಯಾಂಕ್ ಶಾಖೆಗಳಿಗೆ ಎಎಲ್‌ಪಿಎಂ ಎಂಬ ಲೆಡ್ಜರ್ ಬರೆಯುವ ಯಂತ್ರಗಳು ಬಂದವು. ಆ ಕಾಲದಲ್ಲಿ ನಾನು ಕೈಯಲ್ಲಿ ಹಿಡಿದು ಓಡಾಡಿದ ಐದೂಕಾಲು ಇಂಚಿನ ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 1.2 ಎಂಬಿ. ಇವತ್ತಿನ ಫೋನಿನ ಒಂದು ಫೋಟೊ ಇಡಲು ಅಂಥವು ಮೂರು ಬೇಕಾದಾವು.

ಸರಿ, ನಮ್ಮ ಲೆಕ್ಕ. ಮೊಮ್ಮಗನ ರಫ್ ವಹಿಯಲ್ಲಿ ಬರೆಸಿದೆ. ಬಳಕೆಯಾದದ್ದು ಒಟ್ಟು 235. ವಿಂಡೋಸ್ ಫೋಲ್ಡರು 31, ತಂತ್ರಾಂಶಗಳು 19, ವಿಂಡೋಸ್ ಓಲ್ಡ್ ಎಂಬ ಇನ್ನೊಂದು ಫೋಲ್ಡರು 18, ಮೇಲ್ಗಡೆಯೇ ಅಡಗಿ ಕೂತ ಎರಡು ದೊಡ್ಡ ಫೈಲುಗಳು ಸೇರಿ 9, ಯೂಸರ್ಸ್ ಅಂದರೆ ನಮ್ಮ ಮನೆಮಂದಿಯ ಸಾಮಾನು 154. ಕೂಡಿಸಿದರೆ 231. ನಾಲ್ಕು ಜಿಬಿ ತಾಳೆಯಾಗಲಿಲ್ಲ. ಮೊಮ್ಮಗ ಬಿಡು ಅಜ್ಜಾ ಎಂದ. ನಾನು ಬಿಡುವವನಲ್ಲ. ತಂತ್ರಾಂಶವನ್ನು ಮುಚ್ಚಿ, ಈ ಸಲ ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆಸಿದೆ. ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್ ಎಂಬ ಬೀಗ ಹಾಕಿದ ಕೋಣೆಯಲ್ಲಿ ಆ ನಾಲ್ಕು ಸಿಕ್ಕವು. ಕಂಪ್ಯೂಟರು ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಇಟ್ಟುಕೊಂಡ ದಾಖಲೆ ಅದು. ಇರಲಿ ಎಂದೆ.

ಅಡಗಿ ಕೂತ ಆ ಎರಡು ಫೈಲುಗಳ ಬಗ್ಗೆ ಒಂದು ಮಾತು. ಪೇಜ್‌ಫೈಲ್ ಎಂಬುದು ಕೆಲಸದ ಮೇಜು ಸಾಲದಾದಾಗ ಕಾಗದ ಇಡುವ ಪಕ್ಕದ ಸ್ಟೂಲು ಇದ್ದಂತೆ. ಮೆಮೊರಿ ಸಾಲದಿದ್ದಾಗ ಕಂಪ್ಯೂಟರು ಅದನ್ನು ಬಳಸುತ್ತದೆ. ಹೈಬರ್‌ಫಿಲ್ ಎಂಬುದರಲ್ಲಿ, ಹೈಬರ್ನೇಟ್ ಮಾಡಿದಾಗ ಮೆಮೊರಿಯಲ್ಲಿ ಇದ್ದದ್ದನ್ನು ಬರೆದಿಡುತ್ತದೆ. ನಕಾಶೆಯಲ್ಲಿ ಇವು ದೊಡ್ಡ ಚೌಕವಾಗಿ ಕಂಡು ಆಸೆ ಹುಟ್ಟಿಸುತ್ತವೆ. ಕೈ ಹಚ್ಚಬಾರದು. ವಿಂಡೋಸ್ ಫೋಲ್ಡರಿನೊಳಗಿನದನ್ನೂ ಕೈಯಿಂದ ಅಳಿಸಬಾರದು. ವಿಂಡೋಸ್ ಓಲ್ಡ್ ಮಾತ್ರ ಬೇರೆ. ಹಿಂದಿನ ವಾರ ದೊಡ್ಡ ಅಪ್‌ಡೇಟ್ ಆಗಿತ್ತು, ಹಳೆಯ ವಿಂಡೋಸನ್ನು ಅದು ಕಟ್ಟಿಟ್ಟಿತ್ತು. ಸಾಮಾನ್ಯವಾಗಿ ಹತ್ತು ದಿನಕ್ಕೆ ತಾನೇ ಹೋಗುತ್ತದೆ. ಈಗಲೇ ತೆಗೆದರೆ ಹಳೆಯದಕ್ಕೆ ಮರಳಲು ಬರುವುದಿಲ್ಲ. ಹೊಸದು ಸರಿಯಾಗಿ ನಡೆಯುತ್ತಿದ್ದುದರಿಂದ ಅದೇ ಟೆಂಪರರಿ ಫೈಲ್ಸ್ ಪಟ್ಟಿಗೆ ಹೋಗಿ, ಅದೊಂದಕ್ಕೇ ಗುರುತು ಹಾಕಿಸಿ ತೆಗೆಸಿದೆ. 18 ಜಿಬಿ ಜಮಾ. ಗ್ಯಾದರಿಂಗಿನ ವಿಡಿಯೊಕ್ಕೆ ಅಷ್ಟೇ ಸಾಕಿತ್ತು, ಆದರೆ ಶುರು ಮಾಡಿದ ತಪಾಸಣೆ ನಡುವೆ ಬಿಡುವುದು ಹೇಗೆ?

ಮನೆಮಂದಿಯ 154ರ ಒಳಗೆ ಇಳಿದೆವು. ವಿಡಿಯೊಸ್ 41. ಅದರಲ್ಲಿ 36 ಈತನ ಗೇಮಿನ ರೆಕಾರ್ಡಿಂಗು! ಆಟ ಆಡಿದ್ದು ಸಾಲದೆ, ಆಡಿದ್ದನ್ನು ತೆರೆಯ ಮೇಲಿಂದ ಹಿಡಿದಿಟ್ಟಿದ್ದಾನೆ. ನಾನು ಅವನ ಮುಖ ನೋಡಿದೆ. ಅವನು ಮಾತಾಡದೆ ಪಟ್ಟಿಯನ್ನು ಇನ್ನಷ್ಟು ಕೆಳಗೆ ಇಳಿಸಿದ. ಪಿಕ್ಚರ್ಸ್ 38, ಮದುವೆ, ಜಾತ್ರೆ, 2019ರ ಆಗಸ್ಟಿನಲ್ಲಿ ಮಲಪ್ರಭೆ ಏರಿ ಬಂದಾಗಿನ ಫೋಟೊಗಳು. ಡಾಕ್ಯುಮೆಂಟ್ಸ್ ಬರೀ 3. ಆ್ಯಪ್‌ಡೇಟಾ ಎಂಬ ಅಡಗಿದ ಫೋಲ್ಡರು 12, ಅದು ತಂತ್ರಾಂಶಗಳ ಸ್ವಂತ ಸಂಸಾರ. ಡೌನ್‌ಲೋಡ್ಸಿನ 14 ಆಗಲೇ ನೋಡಿದ್ದು. ಉಳಿದದ್ದು ಡೆಸ್ಕ್‌ಟಾಪ್: 46 ಜಿಬಿ.

ಎಲ್ಲಕ್ಕಿಂತ ದೊಡ್ಡ ಹೊಲ ಅದೇ, ಪಹಣಿಯಲ್ಲಿ ಹೆಸರು ನನ್ನದು.

ಮೂರು ಫೋಲ್ಡರು: 'ಫೋನ್', 'ಫೋನ್ ಹೊಸದು', 'ಫೋನ್ ಹೊಸದು ಕೊನೆ'. 12, 15, 18. ಫೋನು ತುಂಬಿದಾಗಲೆಲ್ಲ ನಾನು ಅದರಲ್ಲಿದ್ದದ್ದನ್ನು ಎಲ್ಲ ಕಂಪ್ಯೂಟರಿಗೆ ನಕಲು ಮಾಡಿ ಇಟ್ಟಿದ್ದೆ. ಫೋನಿನಿಂದ ಹೆಚ್ಚೇನೂ ತೆಗೆದಿರಲಿಲ್ಲ. ಹಾಗಾಗಿ ಮೊದಲ ಸಲದ್ದು ಎರಡನೆಯದರಲ್ಲೂ ಇತ್ತು, ಎರಡೂ ಮೂರನೆಯದರಲ್ಲೂ ಇದ್ದವು. "ಯಾರ ಫೋಟೊ ಭಾಳ ಅದಾವ ಅಂದ್ನೆಲ್ಲ, ಖರೇ ಆತಿಲ್ಲೊ?" ಎಂದು ಹುಡುಗ ತಂಗಿಯ ಕಡೆ ನೋಡಿದ. ಅವಳಿಗೆ ನನ್ನ ಮರ್ಯಾದೆಯ ಚಿಂತೆ ಇರಲಿಲ್ಲ. ಫೋಲ್ಡರಿನೊಳಗೆ ಹೊಕ್ಕು ಗುಲಾಬಿ ಹೂ, ಚಹಾದ ಕಪ್ಪು, ಸೂರ್ಯೋದಯ ಇರುವ ಶುಭೋದಯದ ಚಿತ್ರಗಳನ್ನು ಎಣಿಸತೊಡಗಿದಳು. 2,300ರ ಸುಮಾರು. ಒಂದೊಂದು ಸರಾಸರಿ 150 ಕೆಬಿ ಎಂದರೂ 345 ಎಂಬಿ. ಮೂರು ಪ್ರತಿಯಲ್ಲಿ ಅವೇ ಅವೇ.

ಈ ಕಾಯಿಲೆ ನನ್ನೊಬ್ಬನದಲ್ಲ ಎಂಬುದಷ್ಟೇ ಸಮಾಧಾನ. ಭಾರತೀಯರು ದಿನಾ ಬೆಳಿಗ್ಗೆ ಕಳಿಸುವ ಶುಭಾಶಯದ ಚಿತ್ರಗಳಿಂದ ಫೋನುಗಳು ತುಂಬಿ ನಿಲ್ಲುತ್ತವೆ ಎಂಬುದು ಗೂಗಲ್ಲಿನವರ ಗಮನಕ್ಕೂ ಬಂದಿತ್ತು. 2017ರ ಡಿಸೆಂಬರಿನಲ್ಲಿ ಅವರು ಫೈಲ್ಸ್ ಗೋ ಎಂಬ ಆ್ಯಪ್ ತಂದರು. ಇಂಥ ಚಿತ್ರಗಳನ್ನು ಗುರುತಿಸಿ ಒಟ್ಟಿಗೆ ಅಳಿಸುವ ಅನುಕೂಲವನ್ನೂ ಅದರಲ್ಲಿ ಕೊಟ್ಟರು. ಈಗ ಅದರ ಹೆಸರು ಫೈಲ್ಸ್ ಬೈ ಗೂಗಲ್. ವಾಟ್ಸ್ಆ್ಯಪ್ಪಿನ ಸೆಟ್ಟಿಂಗ್ಸಿನಲ್ಲೂ ಸ್ಟೋರೇಜ್ ಎಂಬಲ್ಲಿ ಹೋದರೆ, ಯಾವ ಗುಂಪಿನಿಂದ ಎಷ್ಟು ಬಂದಿದೆ ಎಂಬುದು ಕಾಣುತ್ತದೆ. ಐದು ಎಂಬಿಗಿಂತ ದೊಡ್ಡವು, ಹಲವು ಸಲ ಮುಂದಕ್ಕೆ ಕಳಿಸಲ್ಪಟ್ಟವು ಬೇರೆ ಬೇರೆಯಾಗಿಯೇ ಇರುತ್ತವೆ. ಮೂಲ ಅಲ್ಲಿ ಕಟ್ಟಿದರೆ ಕಂಪ್ಯೂಟರಿನವರೆಗೆ ಬರುವುದೇ ಇಲ್ಲ.

ಮೊದಲ ಎರಡು ಫೋಲ್ಡರು ತೆಗೆದರೆ 27 ಜಿಬಿ. ಮೊಮ್ಮಗ ಕೈ ಮುಂದೆ ಮಾಡಿದ. ಆಗ ಅವನೇ ನಿಂತು, "ಅಜ್ಜಾ, ಮೂರನೇದ್ರಾಗ ಎಲ್ಲಾ ಅದಾವು ಅಂತ ಹೆಂಗ ಗೊತ್ತು?" ಎಂದ. ಬೀಸುವ ಪದ ಕೇಳಿದ್ದರ ಪರಿಣಾಮ ಇರಬೇಕು. ನಕಲು ಫೈಲು ಹುಡುಕುವ ಪುಕ್ಕಟೆ ತಂತ್ರಾಂಶ ಒಂದನ್ನು ಹಾಕಿದೆವು. ಅದು ಬರೀ ಹೆಸರು ನೋಡುವುದಿಲ್ಲ. ಪ್ರತಿ ಫೈಲಿನ ಒಳಗಿನದನ್ನೆಲ್ಲ ಓದಿ ಬೆರಳಚ್ಚಿನಂಥ ಒಂದು ಉದ್ದ ಸಂಖ್ಯೆ ಮಾಡುತ್ತದೆ, ಎರಡು ಸಂಖ್ಯೆ ಒಂದೇ ಆದರೆ ಎರಡು ಫೈಲೂ ಒಂದೇ. ಹೆಸರು ಬೇರೆ ಇದ್ದರೂ ಹಿಡಿಯುತ್ತದೆ, ಹೆಸರು ಒಂದೇ ಇದ್ದು ಒಳಗಿನದು ಬೇರೆ ಇದ್ದರೆ ಬಿಡುತ್ತದೆ. ಅದು ಮುಗಿದಾಗ ಮೊದಲಿನ ಎರಡರಲ್ಲಿ ಜೋಡಿ ಸಿಗದ 41 ಫೋಟೊ ಉಳಿದವು. ನಡುವೆ ಎಂದೋ ಫೋನಿನಿಂದ ನಾನು ಅಳಿಸಿದವು. ಅವನ್ನು ಪಿಕ್ಚರ್ಸಿಗೆ ಸಾಗಿಸಿ ಆಮೇಲೆ ಎರಡೂ ಫೋಲ್ಡರನ್ನು ಅಳಿಸಿದೆವು.

ಅಳಿಸಿದ ಮೇಲೆ ನೋಡಿದರೆ ಖಾಲಿ ಜಾಗ ಒಂದು ಚೂರೂ ಹೆಚ್ಚಾಗಿರಲಿಲ್ಲ! ಅಂಗಳದಿಂದ ಎತ್ತಿ ಹಿತ್ತಲ ತಿಪ್ಪೆಗೆ ಹಾಕಿದರೆ ಹೊಲ ಮನೆ ಬಿಟ್ಟು ಕಸ ಹೊರಗೆ ಹೋದಂತಾಗುತ್ತದೆಯೇ? ರಿಸೈಕಲ್ ಬಿನ್ನಿನೊಳಗೆ ಇರುವ ತನಕ ಅದು ಡಿಸ್ಕಿನಲ್ಲೇ ಇರುತ್ತದೆ. ರಾತ್ರಿ ಊಟ ಮುಗಿಸಿ, ಇನ್ನೊಮ್ಮೆ ಫೋಟೊಗಳನ್ನು ತೆರೆದು ನೋಡಿ, ಆಮೇಲೆ ಬಿನ್ ಖಾಲಿ ಮಾಡಿಸಿದೆ.

ಗೇಮಿನ ರೆಕಾರ್ಡಿಂಗಿನ ವಿಷಯದಲ್ಲಿ ನಾನು ಬಾಯಿ ಹಾಕಲಿಲ್ಲ. 46ರ ಮಾಲೀಕ 36ರವನಿಗೆ ಏನು ಹೇಳುವುದು? ಅವನೇ ಕೂತು, ಗೆಲುವಿನ ಆರು ಆಟ ಉಳಿಸಿಕೊಂಡು 29 ಜಿಬಿ ತೆಗೆದ. ಮೊದಲಿನ 2, ವಿಂಡೋಸ್ ಓಲ್ಡಿನ 18, ನನ್ನ 27, ಅವನ 29, ಒಟ್ಟು 76. ಅದರಿಂದ ಗ್ಯಾದರಿಂಗಿಗೆ 5 ಖರ್ಚು, ಶಿಲ್ಕು 71. ಪಟ್ಟಿ ಕೆಂಪಿನಿಂದ ನೀಲಿಗೆ ತಿರುಗಿತು. ಕೋಲಾಟದಲ್ಲಿ ಎಡಗಡೆಯಿಂದ ಮೂರನೆಯವಳನ್ನು ನಾಲ್ಕು ಸಲ ನೋಡಿದೆವು.

ಭಾನುವಾರ ಮುಂಜಾನೆ ಮೊಮ್ಮಗ ಆ ನಕಾಶೆಯನ್ನು ಮತ್ತೆ ತೆರೆದು ದೊಡ್ಡಜ್ಜಿಯ ಹಾಡು ಎಲ್ಲಿದೆ ಎಂದು ಹುಡುಕಿದ. ಕಾಣಲಿಲ್ಲ. 3.8 ಎಂಬಿಯ ಚೌಕ ಆ ಕೌದಿಯಲ್ಲಿ ಒಂದು ಸೂಜಿ ಮೊನೆಯಷ್ಟೂ ಅಲ್ಲ. ಪಟ್ಟಿಯಲ್ಲಿ ಹೆಸರು ಹಿಡಿದು ಹೋಗಿ ತೆರೆದ. ಪದ ಬರೆದುಕೊಳ್ಳೋಣ ಅಜ್ಜಾ ಎಂದ. ಸಾಲು ಸಾಲಾಗಿ ನಿಲ್ಲಿಸಿ ಕೇಳುತ್ತ, ನಾನು ಹೇಳಿದಂತೆ ನೋಟ್‌ಪ್ಯಾಡಿನಲ್ಲಿ ಕನ್ನಡದಲ್ಲಿ ಹೊಡೆದ. 22 ಸಾಲು. ಪ್ರಾಪರ್ಟೀಸ್ ತೆಗೆದು ನೋಡಿದರೆ ಗಾತ್ರ 2.6 ಕೆಬಿ, ಡಿಸ್ಕಿನಲ್ಲಿ ಹಿಡಿದ ಜಾಗ 4 ಕೆಬಿ. ಇದ್ಯಾಕೆ ಎರಡು ಲೆಕ್ಕ ಎಂದು ಕೇಳಿದ. ಬ್ಯಾಂಕಿನ ಲಾಕರಿನಲ್ಲಿ ಒಂದೇ ಉಂಗುರ ಇಟ್ಟರೂ ಲಾಕರು ಪೂರ್ತಿ ನಮ್ಮ ಹೆಸರಿಗೇ ಇರುತ್ತದಲ್ಲ, ಹಾಗೆ. ಡಿಸ್ಕು ಸಾಮಾನ್ಯವಾಗಿ 4 ಕೆಬಿಯ ಖಾನೆಗಳಲ್ಲೇ ಜಾಗ ಕೊಡುತ್ತದೆ. ಗಾತ್ರದ ಲೆಕ್ಕವೂ ಸೋಜಿಗದ್ದೇ. 'ಕ' ಎಂದು ಹೊಡೆದರೆ ಮೂರು ಬೈಟ್, 'ಕಾ' ಆರು, 'ಕ್ಕ' ಒಂಬತ್ತು.

ಹದಿನೇಳನೆಯ ಸಾಲಿನ ಕೊನೆಯ ಶಬ್ದ ನಮಗಿಬ್ಬರಿಗೂ ತಿಳಿಯಲಿಲ್ಲ. ಕಲ್ಲಿನ ಸಪ್ಪಳದಲ್ಲಿ ಮುಚ್ಚಿಹೋಗಿದೆ. ನರಗುಂದಕ್ಕೆ ಫೋನ್ ಮಾಡಿ ಅಕ್ಕನ ಮಗಳನ್ನು ಕೇಳಬೇಕು. ಸದ್ಯಕ್ಕೆ ಅಲ್ಲೊಂದು ಗೆರೆ ಎಳೆದು ಬಿಟ್ಟಿದ್ದಾನೆ.